ಬಹುಕಾಲ ನಿಂತ ಪಟ್ಟಾ ಟ್ರ್ಯಾಕ್ಟರನ್ನು ಪುನಃ ನಡೆಸುವ ಬಗೆ

ಎರೆ ಭೂಮಿಯ ಗುಣವನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ರೈತರಿಗೆ ಹೇಳಿಕೊಡಬೇಕಾದದ್ದಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಆ ಮಣ್ಣು ಮಳೆ ಬಿದ್ದೊಡನೆ ಅಂಟಾಗಿ ಚಕ್ಕಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುವದು. ಇಂಥ ನೆಲದ ಮೇಲೆ ಭಾರವಾದ ಯಂತ್ರವು ಹೂಳದೆ ನಡೆಯಬೇಕಾದರೆ ಅದರ ತೂಕವು ಅಗಲವಾದ ಜಾಗದ ಮೇಲೆ ಹಂಚಿಹೋಗಬೇಕು. ಅಮೇರಿಕೆಯ ಸ್ಟಾಕ್ಟನ್ ಊರಿನ ಬೆಂಜಮಿನ್ ಹೋಲ್ಟ್ ಎಂಬವರು ತಮ್ಮ ಸೀಮೆಯ ಮೆತ್ತನ್ನ ಹೊಲಗಳ ಸಲುವಾಗಿಯೇ 1904ರ ನವೆಂಬರದಲ್ಲಿ ಯಂತ್ರದ ಗಾಲಿಗಳನ್ನು ತೆಗೆದು ಪಟ್ಟಾ ಕಟ್ಟಿ ಪರೀಕ್ಷಿಸಿದರು. ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು 1925ರಲ್ಲಿ ಕೂಡಿ ಕ್ಯಾಟರ್‌ಪಿಲ್ಲರ್ ಕಂಪನಿಯಾಯಿತು. 1931ರಿಂದ ಅದರ ಟ್ರ್ಯಾಕ್ಟರುಗಳಿಗೆ ಡೀಸೆಲ್ ಎಂಜಿನ್ನು ಬಂದಿತು. ಭಾರತದಲ್ಲಿ 1947ರಲ್ಲಿ ಹುಟ್ಟಿದ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು ಯುದ್ಧ ಮುಗಿದ ಮೇಲೆ ಅಮೇರಿಕನ್ ಸೈನ್ಯವು ಬಿಟ್ಟುಹೋದ ಇಂಥ ಯಂತ್ರಗಳಿಂದ ಕಾಂಸ ಹುಲ್ಲು ಹಬ್ಬಿದ ಭೂಮಿಗಳನ್ನು ಆಳವಾಗಿ ಉಳಲಾರಂಭಿಸಿತು. ಈ ಕೆಲಸದ ಹೊಸ ಯಂತ್ರಗಳಿಗಾಗಿ ವಿಶ್ವಬ್ಯಾಂಕು 1949ರಲ್ಲಿ 1 ಕೋಟಿ ಡಾಲರು ಸಾಲ ಕೊಟ್ಟಿತು. ಕಾಂಸದಿಂದ ಮಧ್ಯಭಾರತಕ್ಕೆ ಆಗುತ್ತಿದ್ದ ಪೀಡೆ ಎಂಥದೆಂಬುದನ್ನು ಎರೆ ಹೊಲದ ಕರಿಕೆಯೊಡನೆ ಹೆಣಗಿದವರು ಊಹಿಸಬಲ್ಲರು.

ಅಂಥ ಹಳೆಯ ಯಂತ್ರವೊಂದು ತೋಟದ ಮೂಲೆಯಲ್ಲಿಯೋ ಹಾಳು ಚಪ್ಪರದ ಕೆಳಗೋ ಅನೇಕ ವರ್ಷ ನಿಂತಿದ್ದರೆ, ಅದನ್ನು ಗುಜರಿಯವನಿಗೆ ತೂಗಿ ಕೊಡುವ ಮುನ್ನ ಒಮ್ಮೆ ಪರೀಕ್ಷಿಸುವದು ಯೋಗ್ಯ. ಆದರೆ ಕೆಲವರು ಮಾಡುವಂತೆ ಹೊಸ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆದು ಚಾಲೂ ಮಾಡುವ ಸಾಹಸವನ್ನು ಎಂದಿಗೂ ಮಾಡಬಾರದು. ತುಕ್ಕಿನಿಂದ ಹಿಡಿದ ವಾಲ್ವು ಹಾಗೆಯೇ ನಿಂತಿದ್ದು ಎಂಜಿನ್ನು ಮಾತ್ರ ತಿರುಗಿದರೆ ಅದನ್ನು ತಳ್ಳುವ ಸಲಾಕೆ ಬಾಗುವದು. ಪಿಸ್ಟನ್ನು ಹಿಡಿದಿದ್ದರೆ ಅದರ ರಿಂಗುಗಳು ಮುರಿಯುವವು. ಇಷ್ಟು ವರ್ಷ ನಿಂತು ಆಗದ ಕೇಡು ಅರ್ಧ ನಿಮಿಷದಲ್ಲಿ ಆಗುವದು.

ಮೊದಲು ನೋಡತಕ್ಕದ್ದು ನೀರನ್ನು. ಹೊಗೆ ಕೊಳವೆಯು ಬಾಯಿ ತೆರೆದು ನಿಂತಿದ್ದರೆ ಮಳೆಯ ನೀರು ನೇರವಾಗಿ ಎಂಜಿನ್ನಿಗೆ ಇಳಿದಿರುವದು. ಯಾವದೋ ಒಂದು ವಾಲ್ವು ತೆರೆದ ಸ್ಥಿತಿಯಲ್ಲಿ ನಿಂತಿರುವದರಿಂದ ಆ ಸಿಲಿಂಡರಿನೊಳಗೂ ನೀರು ಹೊಕ್ಕಿರುವ ಸಂಭವವುಂಟು. ಎಣ್ಣೆಯ ಚೇಂಬರಿನ ಬೂಚನ್ನು ಪೂರ್ಣ ಬಿಚ್ಚದೆ ಸ್ವಲ್ಪವೇ ಸಡಿಲಿಸಿದರೆ, ಎಣ್ಣೆಗಿಂತ ಭಾರವಾದ ನೀರು ಮೊದಲು ತೊಟ್ಟಿಕ್ಕುವದು. ಗೇರು ಪೆಟ್ಟಿಗೆ ಮತ್ತು ಎರಡೂ ಬದಿಯ ಕೊನೆಯ ಗೇರುಗಳನ್ನು ಹೀಗೆಯೇ ನೋಡಬೇಕು. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿಗಳು ಗೂಡು ಕಟ್ಟುವದು ಸಾಮಾನ್ಯ. ಅದನ್ನು ಬಿಚ್ಚಿ ತೊಳೆಯದೆ ಮುಂದಕ್ಕೆ ಹೋಗಬಾರದು.

ಬಳಿಕ ಡೀಸೆಲ್ ನಾಝಲುಗಳನ್ನು ತೆಗೆದು ಪ್ರತಿಯೊಂದು ಸಿಲಿಂಡರಿಗೂ ಡೀಸೆಲ್ ಕೂಡಿಸಿದ ತೆಳು ಎಣ್ಣೆಯನ್ನು ಹೊಯ್ದು ಕೆಲವು ದಿನ ಬಿಡಬೇಕು. ಮೇಲಿನ ಮುಚ್ಚಳ ತೆಗೆದು ವಾಲ್ವುಗಳಿಗೂ ಎಣ್ಣೆ ಹಾಕಿ, ಹಿಡಿದಿದ್ದವುಗಳನ್ನು ಕಟ್ಟಿಗೆಯ ಕೊಡತಿಯಿಂದ ಹಗುರಾಗಿ ತಟ್ಟಿ ಸಡಿಲಿಸತಕ್ಕದ್ದು. ಅನಂತರ ಹಾರೆಯಿಂದ ಫ್ಲೈವೀಲನ್ನು ಕೂದಲೆಳೆಯಷ್ಟು ಮುಂದಕ್ಕೆ, ಅಷ್ಟೇ ಹಿಂದಕ್ಕೆ ಮೀಟಬೇಕು. ಈ ಕೆಲಸಕ್ಕೆ ಬೇಕಾದದ್ದು ತೋಳಿನ ಬಲವಲ್ಲ, ತಾಳ್ಮೆ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಮಿಸ್ತ್ರಿಗಳಿಗೆ ಹಿಡಿದ ಕಬ್ಬಿಣ ಎಲ್ಲಿ ಬಿಡುವದೆಂಬ ಕೈಗುಣವಿರುವದರಿಂದ, ಡೀಸೆಲ್ ಬಲ್ಲವನ ಜೊತೆಗೆ ಅಂಥವನೊಬ್ಬನಿದ್ದರೆ ಲೇಸು. ಎಂಜಿನ್ನು ಕೈಯಿಂದ ಎರಡು ಪೂರ್ಣ ಸುತ್ತು ಅಡ್ಡಿಯಿಲ್ಲದೆ ತಿರುಗುವವರೆಗೆ ಬೇರೆ ಯಾವ ಶಕ್ತಿಯನ್ನೂ ಅದಕ್ಕೆ ಕೊಡಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಡೀಸೆಲ್ ಪಂಪಿನ ವಿಷಯದಲ್ಲಿ. ಹಳೆಯ ಡೀಸೆಲು ಪಂಪಿನೊಳಗೆ ಅಂಟಾಗಿ ಒಣಗುವದು. ಎಣ್ಣೆಯನ್ನು ಹೆಚ್ಚು ಕಡಿಮೆ ಮಾಡುವ ಹಲ್ಲಿನ ಪಟ್ಟಿಯು ಪೂರ್ಣ ತೆರೆದ ಸ್ಥಿತಿಯಲ್ಲಿ ಹಿಡಿದಿದ್ದರೆ, ಎಂಜಿನ್ನು ಚಾಲೂ ಆದೊಡನೆ ಯಾರ ಹತೋಟಿಗೂ ಸಿಗದೆ ವೇಗವೇರಿ ಒಡೆದು ಚೂರಾಗುವ ಭಯವುಂಟು. ಅದಕ್ಕಾಗಿ ಆ ಪಟ್ಟಿಯು ಕೈಯಿಂದ ಈ ತುದಿಯಿಂದ ಆ ತುದಿಗೆ ನಿರಾತಂಕವಾಗಿ ಸರಿಯುವದೋ ಎಂದು ಮೊದಲೇ ನೋಡಬೇಕು. ಸರಿಯದಿದ್ದರೆ ಪಂಪನ್ನು ಬಿಚ್ಚಿ ಅದನ್ನೇ ದುರಸ್ತಿ ಮಾಡುವ ಕಾರಖಾನೆಗೆ ಒಯ್ಯುವದೇ ಉಪಾಯ. ಇದಲ್ಲದೆ, ಗಾಳಿ ಒಳಗೆ ಹೋಗುವ ಬಾಯಿಯನ್ನು ಪೂರ್ಣ ಮುಚ್ಚುವಂಥ ದಪ್ಪ ಹಲಗೆಯೊಂದನ್ನು ಹಿಡಿದು ಒಬ್ಬನು ಅಲ್ಲಿಯೇ ನಿಂತಿರತಕ್ಕದ್ದು. ಗಾಳಿ ಕಟ್ಟಿದರೆ ಎಂಜಿನ್ನು ನಿಲ್ಲುವದು. ಆ ಬಾಯಿಗೆ ಅಂಗೈಯನ್ನಾಗಲಿ ಅರಿವೆಯನ್ನಾಗಲಿ ಒಡ್ಡಬಾರದು. ಅರಿವೆಯನ್ನು ಅದು ಒಳಗೆ ಸೆಳೆದುಕೊಳ್ಳುವದು, ಕೈಗೆ ಗಾಯವಾಗುವದು.

ಹಳೆಯ ಕ್ಯಾಟರ್‌ಪಿಲ್ಲರುಗಳಲ್ಲಿ ದೊಡ್ಡ ಎಂಜಿನ್ನನ್ನು ತಿರುಗಿಸಲಿಕ್ಕೆ ಎರಡು ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನ್ನು ಇರುವದು. ಇದರ ಎಣ್ಣೆ ಬೇರೆ, ಆದರೆ ತಂಪಿನ ನೀರು ಎರಡಕ್ಕೂ ಒಂದೇ. ಆದ್ದರಿಂದ ರೇಡಿಯೇಟರ್ ತುಂಬದೆ ಸಣ್ಣದನ್ನೂ ನಡೆಸಬಾರದು. ಬಾವಿಯ ನೀರು ಸವಳಾಗಿದ್ದಲ್ಲಿ ಮಳೆಯ ನೀರನ್ನೇ ಹಾಕಬೇಕು. ಮ್ಯಾಗ್ನೆಟೋದ ಮುಟ್ಟುಗಳನ್ನು ತುಕ್ಕು ಹೋಗುವಂತೆ ತಿಕ್ಕಿ ಕಿಡಿ ಬರುವದನ್ನು ಖಚಿತಪಡಿಸಿಕೊಳ್ಳಬೇಕು. ಕೈಯಿಂದ ತಿರುಗಿಸುವ ಮಾದರಿಯಾಗಿದ್ದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಂಡು ಹ್ಯಾಂಡಲನ್ನು ಮೇಲಕ್ಕೆ ಎಳೆಯಬೇಕು. ಎಂಜಿನ್ನು ತಿರುಗಿ ಒದ್ದರೆ ಮಣಿಕಟ್ಟು ಮುರಿಯುವದುಂಟು. ಕಂಪ್ರೆಶನ್ ಬಿಟ್ಟು ಸಣ್ಣ ಎಂಜಿನ್ನಿನಿಂದ ದೊಡ್ಡದನ್ನು ತಿರುಗಿಸುತ್ತ, ಎಣ್ಣೆಯ ಒತ್ತಡದ ಮುಳ್ಳು ಏರಿದ ಮೇಲೆಯೇ ಕಂಪ್ರೆಶನ್ ಕೊಟ್ಟು, ಕಡೆಗೆ ಡೀಸೆಲ್ ತೆರೆಯತಕ್ಕದ್ದು. ಮುಳ್ಳು ಏಳದಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಬೇಕು.

ಎಂಜಿನ್ನಿನ ಸದ್ದು ಕೇಳಿದೊಡನೆ ಯಂತ್ರವನ್ನು ಹೊಲಕ್ಕೆ ಹೊಡೆಯುವ ಆತುರ ಸಹಜ. ಆದರೆ ಪಟ್ಟಾ ಟ್ರ್ಯಾಕ್ಟರಿಗೆ ತಿರುಗಿಸುವ ಚಕ್ರವಿಲ್ಲ. ಒಂದು ಬದಿಯ ಕ್ಲಚ್ಚನ್ನು ಬಿಡಿಸಿದಾಗಲೇ ಅದು ಆ ಬದಿಗೆ ಹೊರಳುವದು. ವರ್ಷಾನುಗಟ್ಟಲೆ ನಿಂತಾಗ ಈ ಕ್ಲಚ್ಚಿನ ತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವವು. ಆಗ ಸನ್ನೆಯನ್ನು ಎಷ್ಟು ಜಗ್ಗಿದರೂ ಯಂತ್ರವು ನೆಟ್ಟಗೆ ನಡೆದು ಎದುರಿನ ಗೋಡೆಯನ್ನು ಕೆಡವುವದು. ಆದ್ದರಿಂದ ಎದುರಿಗೆ ಮನೆ, ಬಾವಿ, ಜನರಿಲ್ಲದ ಬಯಲಿನಲ್ಲಿ ಅತಿ ಕಡಿಮೆ ಗೇರಿನಲ್ಲಿ ಎರಡೂ ಬದಿಗೆ ಹೊರಳಿಸಿ ನೋಡಬೇಕು. ಅಂಟಿದ ಕ್ಲಚ್ಚು ಸಡಿಲಾಗದಿದ್ದರೆ ಬಿಚ್ಚಿಯೇ ತೊಳೆಯಬೇಕಾಗುವದು.

ಪಟ್ಟಾಗಳೊಳಗಿನ ರೋಲರುಗಳ ನಡುವೆ ಒಣಗಿದ ಎರೆ ಮಣ್ಣು ಗಾರೆಗಿಂತ ಗಟ್ಟಿ. ನೀರು ಹೊಯ್ದು ನೆನೆಸಿ, ಕೆತ್ತಿ ತೆಗೆದ ಮೇಲೆ ಪ್ರತಿಯೊಂದು ರೋಲರು ತಿರುಗುವದನ್ನು ನೋಡತಕ್ಕದ್ದು. ತಿರುಗದ ರೋಲರು ಒಂದೇ ಕಡೆಗೆ ಸವೆಯುವದು. ಪಟ್ಟಾದ ಬಿಗಿಯನ್ನು ಯಂತ್ರದ ಪುಸ್ತಕದಲ್ಲಿದ್ದಂತೆ ಇಡಬೇಕು. ಮುಂದಿನ ಗಾಲಿಯ ಹಿಂದೆ ಅದುಮಿಟ್ಟಿರುವ ದೊಡ್ಡ ಸ್ಪ್ರಿಂಗಿನ ಬೋಲ್ಟನ್ನು ಮಾತ್ರ, ತಕ್ಕ ಸಾಮಾನು ಇಲ್ಲದೆ, ಯಾರೂ ಸಡಿಲಿಸಬಾರದು. ಅದು ಸಿಡಿದರೆ ಮನುಷ್ಯನ ಪ್ರಾಣಕ್ಕೆ ಅಪಾಯ.

ಮೊದಲ ದಿನ ನೇಗಿಲು ಕಟ್ಟದೆ ಒಂದು ಗಂಟೆ ನಡೆಸಿ, ಬಿಸಿಯಿರುವಾಗಲೇ ಎಂಜಿನ್ನಿನ ಎಣ್ಣೆಯನ್ನು ಇಳಿಸಿ ಹೊಸದನ್ನು ಹಾಕಬೇಕು. ಸಂಜೆಗೆ ಯಂತ್ರವನ್ನು ಮಣ್ಣಿನ ಮೇಲೆ ನಿಲ್ಲಿಸದೆ ಹಲಗೆಗಳ ಮೇಲೆ ಹತ್ತಿಸಿ, ಕ್ಲಚ್ಚಿನ ಸನ್ನೆಗಳನ್ನು ಹಿಂದಕ್ಕೆಳೆದು ಹಗ್ಗದಿಂದ ಕಟ್ಟಿ, ಹೊಗೆ ಕೊಳವೆಯು ಆರಿದ ಮೇಲೆ ಅದಕ್ಕೊಂದು ತಗಡಿನ ಡಬ್ಬಿಯನ್ನು ಕವುಚಿ ಮನೆಗೆ ಹೋಗತಕ್ಕದ್ದು.