ಮದ್ದಿಗೆ ಮಣಿಯದ ರೋಗಾಣುಗಳು

ಸರಳವಾದ ಒಂದು ಲೆಕ್ಕದಿಂದ ಪ್ರಾರಂಭಿಸೋಣ. ಅನುಕೂಲವಾದ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಗಳಿಗೊಮ್ಮೆ ಸೀಳಿ ಎರಡಾಗುತ್ತವೆ. ಒಂದು ಗಂಟೆಯಲ್ಲಿ ಒಂದು ಎಂಟಾಗುವುದು. ಆಹಾರ ಸಾಕಷ್ಟಿದ್ದರೆ ಹತ್ತು ಗಂಟೆಗಳಲ್ಲಿ ಅದರ ಸಂತತಿ ನೂರು ಕೋಟಿಯನ್ನು ಮೀರುವುದು. ಪ್ರತಿಯೊಂದು ವಿಭಜನೆಯಲ್ಲಿಯೂ ಆನುವಂಶಿಕ ಲಿಪಿಯ ನಕಲು ಆಗಬೇಕಷ್ಟೆ. ನಕಲಿನಲ್ಲಿ ತಪ್ಪು ನುಸುಳುವುದು ವಿರಳ. ಆದರೆ ಕೋಟಿಗಟ್ಟಲೆ ನಕಲುಗಳಲ್ಲಿ ಅದು ಅನಿವಾರ್ಯ. ಇಂಥ ತಪ್ಪೊಂದರಿಂದ ಒಂದೇ ಒಂದು ರೋಗಾಣುವಿಗೆ ಔಷಧವನ್ನು ಎದುರಿಸುವ ಶಕ್ತಿ ಬಂದಿತೆನ್ನಿ. ಪ್ರತಿಜೈವಿಕ ಔಷಧವು ಉಳಿದವನ್ನೆಲ್ಲ ಕೊಂದು, ಇದಕ್ಕೆ ನೆಲವನ್ನು ತೆರವು ಮಾಡಿಕೊಡುತ್ತದೆ! ಔಷಧವು ಪ್ರತಿರೋಧವನ್ನು ಕಲಿಸುವುದಿಲ್ಲ; ಪ್ರತಿರೋಧಿಗಳನ್ನು ಆರಿಸುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗರು 1945ರ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಸೂಚಿಸಿದ್ದರು.

ಇಷ್ಟೇ ಆಗಿದ್ದರೆ ಚಿಂತೆ ಕಡಿಮೆ. ಪ್ರತಿರೋಧದ ಜೀನುಗಳು ಒಂದು ಬ್ಯಾಕ್ಟೀರಿಯದಿಂದ ಬೇರೊಂದು ಜಾತಿಯ ಬ್ಯಾಕ್ಟೀರಿಯಕ್ಕೂ ದಾಟಬಲ್ಲವು. ಕಾರ್ಬಪೆನೆಮ್ ಎಂಬ ಪ್ರಬಲ ಔಷಧವರ್ಗವನ್ನು ಒಡೆಯುವ ಎನ್‌ಡಿಎಂ-1 ಎಂಬ ಕಿಣ್ವದ ಜೀನು ಇಂಥದು. 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೆಹಲಿಯ ನಲ್ಲಿನೀರಿನ 50 ಮಾದರಿಗಳ ಪೈಕಿ 2ರಲ್ಲಿಯೂ, ಬೀದಿಯಲ್ಲಿ ಜಿನುಗಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿಯೂ ಈ ಜೀನು ದೊರೆಯಿತು. ಎಂದಮೇಲೆ, ಇದು ಆಸ್ಪತ್ರೆಯ ಗೋಡೆಯೊಳಗಿನ ಸಮಸ್ಯೆ ಮಾತ್ರವಲ್ಲ.

ಹಾಗಾದರೆ ನಮ್ಮ ದೇಶದಲ್ಲಿ ಯಾವ ಸಂಶೋಧನೆ ಮೊದಲು ನಡೆಯಬೇಕು? ಹೊಸ ಔಷಧವೆಂದು ವಾಚಕರು ಹೇಳಬಹುದು. ಅದು ಬೇಕು, ನಿಜ. ಆದರೆ ಒಂದು ಔಷಧ ಸಿದ್ಧವಾಗಲು ಹತ್ತಾರು ವರ್ಷಗಳು ಹಿಡಿಯುತ್ತವೆ. ಬಂದ ಮೇಲೆ ಅದಕ್ಕೂ ಮೇಲಿನ ಲೆಕ್ಕವೇ ಅನ್ವಯಿಸುತ್ತದೆ.

ಭೌತವಿಜ್ಞಾನದಲ್ಲಿ ಅಳತೆಯೇ ಮೊದಲ ಪಾಠ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2013ರಲ್ಲಿ ಪ್ರತಿರೋಧದ ಸಮೀಕ್ಷಾಜಾಲವನ್ನು ಆರಂಭಿಸಿತು. ಆದರೆ ದೊಡ್ಡ ಆಸ್ಪತ್ರೆಗಳ ಅಂಕಿಗಳು ಹಳ್ಳಿಯ ಸ್ಥಿತಿಯನ್ನು ತಿಳಿಸಲಾರವು. ಸಣ್ಣ ಆಸ್ಪತ್ರೆ, ಚರಂಡಿ, ಕೋಳಿಸಾಕಣೆ, ಔಷಧ ಕಾರ್ಖಾನೆಯ ಕೊಳಚೆ, ಇವೆಲ್ಲದರ ಅಳತೆಯೂ ಬೇಕು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಔಷಧವನ್ನು ಕೊಡುವುದನ್ನು ಸರ್ಕಾರ 2019ರಲ್ಲಿ ನಿಷೇಧಿಸಿತು. ಇಂಥ ಕ್ರಮಗಳು ಫಲಿಸಿದುವೇ ಎಂಬುದಕ್ಕೂ ಅಳತೆಯೇ ಸಾಕ್ಷಿ.

ಎರಡನೆಯದು ಶೀಘ್ರ ರೋಗನಿರ್ಣಯ. ರೋಗಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಮಣಿಯುವುದೆಂದು ತಿಳಿಯಲು ಸಾಮಾನ್ಯವಾಗಿ ಎರಡು ಮೂರು ದಿನಗಳು ಬೇಕು. ರಕ್ತಕ್ಕೆ ನಂಜು ಏರಿದ ಎಳೆಗೂಸು ಅಷ್ಟು ಕಾಲ ಕಾಯಲಾರದು. ಆದುದರಿಂದ ವೈದ್ಯನು ಊಹೆಯಿಂದಲೇ ಪ್ರಬಲ ಔಷಧವನ್ನು ಕೊಡಬೇಕಾಗುತ್ತದೆ. ಊಹೆ ತಪ್ಪಿದರೆ ಮಗುವಿನ ಪ್ರಾಣಕ್ಕೇ ಸಂಚಕಾರ. ಅಗ್ಗವಾದ, ವಿದ್ಯುತ್ತು ಕೈಕೊಟ್ಟರೂ ನಡೆಯುವ, ಗಂಟೆಯೊಳಗೆ ಉತ್ತರ ಹೇಳುವ ಉಪಕರಣ ತಾಲ್ಲೂಕು ಆಸ್ಪತ್ರೆಗೆ ಬೇಕಾಗಿದೆ. ಇದು ವೈದ್ಯರೊಬ್ಬರಿಂದಲೇ ಆಗುವ ಕೆಲಸವಲ್ಲ. ಬೆಳಕು, ವಿದ್ಯುತ್ತು, ದ್ರವಗಳ ಚಲನೆ ಇವನ್ನು ಬಲ್ಲವರ ಕೆಲಸವೂ ಹೌದು.

ಇಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಸೂರವನ್ನು ಹಿಡಿದು ನಾಭಿದೂರವನ್ನು ಅಳೆಯುತ್ತಿರುವ ವಿದ್ಯಾರ್ಥಿಗೆ ಈ ಸಮಸ್ಯೆ ದೂರದ್ದೆಂದು ತೋರದಿರಲಿ.