ಕೂಸಿನ ಹಾಲುಪುಡಿ ಡಬ್ಬಿ: ಕೊಳ್ಳುವಾಗ, ತೆರೆದಾಗ, ಬರಿದಾದಾಗ



ಹಸುಗೂಸಿಗೆ ತಾಯಿಯ ಹಾಲಿಗೆ ಸಮನಾದ ಆಹಾರ ಬೇರೊಂದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು. ಆರು ತಿಂಗಳು ತುಂಬುವವರೆಗೆ ಅದೊಂದೇ ಸಾಕು, ನೀರು ಕೂಡ ಬೇಡ. ಆದರೆ ತಾಯಿ ತೀರಿಕೊಂಡಾಗ, ಇಲ್ಲವೆ ಕಠಿಣ ಕಾಯಿಲೆಯಿಂದ ಹಾಲೂಡಿಸಲಾಗದಾಗ ವೈದ್ಯರು ಹಾಲುಪುಡಿಯನ್ನು ಬರೆದುಕೊಡುವುದುಂಟು. ಪೇಟೆಯಿಂದ ಡಬ್ಬಿ ತರುವವರು ಹೆಚ್ಚಾಗಿ ಮನೆಯ ಗಂಡಸರೇ. ಆದ್ದರಿಂದ ಈ ಮಾತು ತಂದೆ, ಅಜ್ಜ, ಸೋದರಮಾವಂದಿರಿಗೂ ತಿಳಿದಿರತಕ್ಕದ್ದು.

ಡಬ್ಬಿಯೊಳಗೆ ಏನಿದೆ?

ಈ ಪುಡಿ ಬಹುಮಟ್ಟಿಗೆ ರೈತರು ಕರೆದ ಹಾಲಿನಿಂದಲೇ ಆದದ್ದು. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ಗುಜರಾತಿನ ಆನಂದದಲ್ಲಿರುವ ಹಾಲು ಉತ್ಪಾದಕರ ಸಹಕಾರ ಸಂಘವು 1960ರ ಸುಮಾರಿಗೆ ಅದನ್ನು ಮಾರುಕಟ್ಟೆಗೆ ತಂದಿತು.

ಕಡಲೆಕಾಯಿ ಬೀಜ ಬಹುಕಾಲ ಗಾಳಿಗೆ ತೆರೆದಿದ್ದರೆ ಕಮಟು ಹಿಡಿಯುವುದನ್ನು ನೀವು ಬಲ್ಲಿರಿ. ಹಾಲಿನ ಜಿಡ್ಡಿಗೂ ಇದೇ ಗತಿ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ಡಬ್ಬಿಯ ಗಾಳಿಯನ್ನು ಹೊರಹಾಕಿ, ಸಾರಜನಕವನ್ನು ತುಂಬಿ, ಬಿಗಿಯಾಗಿ ಮೊಹರು ಮಾಡುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಇರುವುದರಿಂದ ಇದರಿಂದ ಕೂಸಿಗೆ ಕೇಡಿಲ್ಲ. ಮೊಹರು ಒಡೆಯಿತೆಂದರೆ ಮಾತ್ರ ಈ ರಕ್ಷಣೆ ಮುಗಿಯಿತು.

ಕೊಳ್ಳುವಾಗ ನೋಡಬೇಕಾದದ್ದು

ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯನ್ನು ಓದದೆ ನೀವು ಬೀಜ ಕೊಳ್ಳುವುದಿಲ್ಲ. ಹಾಗೆಯೇ ಡಬ್ಬಿಯ ಮೇಲಿನ ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯನ್ನು ಓದಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿರಿ. ಉಬ್ಬಿದ, ತುಕ್ಕು ತಿಂದ, ತೂತುಬಿದ್ದ, ಅಂಚು ಜಜ್ಜಿದ ಡಬ್ಬಿ ಬೇಡ. ಮುಚ್ಚಳದ ಕೆಳಗಿನ ತಗಡಿನ ಹಾಳೆ ಹರಿದಿದ್ದರೆ ಹಿಂದಿರುಗಿಸಿರಿ. ಅಂಗಡಿಯವರು ತೆರೆದ ಡಬ್ಬಿಯಿಂದ ಬಿಡಿಯಾಗಿ ತೂಗಿ ಕೊಡುವ ಪುಡಿಯನ್ನು ಎಷ್ಟು ಅಗ್ಗವಾದರೂ ಕೊಳ್ಳಕೂಡದು.

ನಮ್ಮ ದೇಶದಲ್ಲಿ 1992ರ ಕಾನೂನಿನ ಪ್ರಕಾರ ಇಂಥ ಡಬ್ಬಿಯ ಮೇಲೆ ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮವೆಂದು ದೊಡ್ಡದಾಗಿ ಬರೆದಿರಲೇಬೇಕು. ಮಗುವಿನ ಚಿತ್ರವಾಗಲಿ ಹೆಂಗಸಿನ ಚಿತ್ರವಾಗಲಿ ಇರಕೂಡದು. ಗುಂಡುಗುಂಡಾದ ಕೂಸಿನ ಚಿತ್ರಕ್ಕೆ ಮರುಳಾಗಿ ಜನ ಮೊಲೆಹಾಲನ್ನು ಬಿಡಬಾರದೆಂಬುದೇ ಇದರ ಉದ್ದೇಶ.

ತೆರೆದ ಮೇಲೆ

ಬಾಯಿ ಕಟ್ಟದೆ ಇಟ್ಟ ಯೂರಿಯಾ ಚೀಲ ತೇವ ಹೀರಿ ಗಟ್ಟಿಯಾಗುತ್ತದೆಯಷ್ಟೆ. ಹಾಲುಪುಡಿಗೂ ತೇವವೇ ಶತ್ರು. ತೆರೆದ ದಿನವನ್ನು ಮುಚ್ಚಳದ ಮೇಲೆ ಬರೆದಿಡಿರಿ. ಡಬ್ಬಿಯ ಮೇಲೆ ಇನ್ನೂ ಕಡಮೆ ಅವಧಿ ಹೇಳಿರದಿದ್ದರೆ ಒಂದು ತಿಂಗಳೊಳಗೆ ಬಳಸಿ ಮುಗಿಸಬೇಕು. ಮಿಕ್ಕಿದ್ದನ್ನು ಕೂಸಿಗೆ ಕೊಡಬಾರದು. ಒಲೆಯಿಂದಲೂ ಬಿಸಿಲಿನಿಂದಲೂ ದೂರ, ಒಣಗಿದ ತಂಪು ಜಾಗದಲ್ಲಿ ಇಡಿರಿ. ಒದ್ದೆ ಚಮಚವನ್ನು ಒಳಗೆ ಹಾಕಬೇಡಿರಿ. ಹಳೆಯ ಪುಡಿಯ ಮೇಲೆ ಹೊಸ ಪೊಟ್ಟಣವನ್ನು ಸುರಿಯಬೇಡಿರಿ.

ಒಂದು ಮುಖ್ಯ ವಿಷಯ. ಮೊಹರು ಮಾಡಿದ ಡಬ್ಬಿಯ ಪುಡಿಯೂ ಪೂರ್ತಿಯಾಗಿ ರೋಗಾಣುರಹಿತವಲ್ಲ. ಅಪರೂಪಕ್ಕೆ ಅದರಲ್ಲಿ ಉಳಿದ ರೋಗಾಣು ಎಳೆಗೂಸಿನ ಪ್ರಾಣಕ್ಕೇ ಎರವಾಗಬಲ್ಲುದು. ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ನೀರು 70 ಡಿಗ್ರಿ ಸೆಂಟಿಗ್ರೇಡಿಗೆ ಕಡಮೆ ಇರಬಾರದು. ನೀರನ್ನು ಕುದಿಸಿ, ಇಳಿಸಿ, ಅರ್ಧ ಗಂಟೆ ಕಳೆಯುವ ಮೊದಲೇ ಪುಡಿ ಬೆರೆಸಬೇಕು. ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ ಕುಡಿಸಬೇಕು. ಕಲಸಿದ ಹಾಲು ಎರಡು ಗಂಟೆಗಿಂತ ಹೆಚ್ಚು ಇರಕೂಡದು. ಕುಡಿದು ಮಿಕ್ಕಿದ್ದನ್ನು ಚೆಲ್ಲಿಬಿಡಿರಿ.

ಅಳತೆಗೆ ಆಯಾ ಡಬ್ಬಿಯೊಳಗಿನ ಚಮಚವನ್ನೇ ಬಳಸಿ, ತಲೆ ಸವರಿ, ಡಬ್ಬಿಯ ಮೇಲೆ ಹೇಳಿದಷ್ಟೇ ನೀರಿಗೆ ಹಾಕಿರಿ. ಡಬ್ಬಿ ಹೆಚ್ಚು ದಿನ ಬರಲೆಂದು ನೀರಾಗಿ ಕಲಸಿದರೆ ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ, ಕೂಸು ಸೊರಗುತ್ತದೆ. ಗಟ್ಟಿಯಾಗಿ ಕಲಸಿದರೆ ಎಳೆಯ ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ. ಕುಡಿಸಲು ರಬ್ಬರ್ ನಿಪ್ಪಲಿನ ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಮೇಲು. ಅದರಲ್ಲಿ ಸಂದುಗೊಂದಿಲ್ಲ, ತೊಳೆದು ಕುದಿಸುವುದು ಸುಲಭ.

ಕೂಸಿಗೆ ಜ್ವರ, ವಾಂತಿ, ಭೇದಿ ಕಂಡರೆ ಅಥವಾ ಅದು ಹಾಲು ಬಿಟ್ಟರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಜೊತೆಗೆ ಡಬ್ಬಿಯನ್ನೂ ಕೊಂಡುಹೋಗಿರಿ. ತಪ್ಪು ಪುಡಿಯಲ್ಲಿದ್ದರೆ ಅದನ್ನು ಪತ್ತೆಮಾಡಲು ಬ್ಯಾಚ್ ಸಂಖ್ಯೆ ಬೇಕು.

ಬರಿದಾದ ಡಬ್ಬಿ

ಖಾಲಿ ಡಬ್ಬಿಯನ್ನು ನಮ್ಮ ಮನೆಗಳಲ್ಲಿ ಯಾರೂ ಎಸೆಯುವುದಿಲ್ಲ. ತೊಳೆದು ಒಣಗಿಸಿ ಮೆಂತ್ಯವನ್ನೋ ಸಾಸಿವೆಯನ್ನೋ ತುಂಬಿದರೆ ಅಡ್ಡಿಯಿಲ್ಲ. ಕತ್ತರಿಸಿದ ಅಂಚು ಮಕ್ಕಳ ಕೈಗೆ ತಾಗದಂತೆ ಮಾತ್ರ ನೋಡಿಕೊಳ್ಳಿರಿ. ಆದರೆ ಅದರಲ್ಲಿ ಕೀಟನಾಶಕವನ್ನು ಎಂದಿಗೂ ಹಾಕಬೇಡಿರಿ. ಔಷಧಿ ತುಂಬಿದವರು ಹೊಲಕ್ಕೆ ಹೋಗಿರುತ್ತಾರೆ. ಮನೆಯಲ್ಲಿದ್ದವರ ಕಣ್ಣಿಗೆ ಕಾಣುವುದು ಹಾಲಿನ ಡಬ್ಬಿ. ಆಹಾರವೂ ವಿಷವೂ ಒಂದೆಡೆ ಸೇರಿದರೆ ಏನಾಗುತ್ತದೆಂಬುದನ್ನು ನಾಡು ಕಂಡಿದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಗೋಧಿ ಹಿಟ್ಟಿಗೆ ತಗುಲಿ, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. 1968ರಲ್ಲಿ ಕೀಟನಾಶಕ ಕಾಯಿದೆ ಬಂದದ್ದಕ್ಕೆ ಈ ದುರಂತವೇ ಮೂಲ.

ಗುಜರಿಗೆ ಹಾಕುವುದಾದರೆ ಮೊದಲು ಡಬ್ಬಿಗೆ ನಾಲ್ಕು ಕಡೆ ಮೊಳೆ ಹೊಡೆದು ತೂತು ಮಾಡಿರಿ. ಕಳಪೆ ಪುಡಿ ತುಂಬಿ ಮಾರುವವರ ಕೈಗೆ ಇಡಿಯ ಡಬ್ಬಿ ಸಿಗಬಾರದು.

ಸಂದೇಹವಿದ್ದರೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಶಿಕ್ಷಕಿಯನ್ನೋ ಕೇಳಿರಿ. ಕಾರ್ಖಾನೆಯವರ ಮೊಹರು ಕೂಸನ್ನು ಕಾಯುವುದು ನಿಮ್ಮ ಮನೆಯ ಬಾಗಿಲವರೆಗೆ. ಅಲ್ಲಿಂದ ಮುಂದೆ ಕಾಯಬೇಕಾದವರು ನೀವು.