ಜಾಹೀರಾತಿನಲ್ಲಿ ಸರ್ಕಾರದ ಹೆಸರು: ಸದಸ್ಯರು ಅರಿತಿರಬೇಕಾದ ಸಂಗತಿಗಳು

‘ಸರ್ಕಾರದಿಂದ ಅನುಮೋದಿತ’, ‘ಕೇಂದ್ರ ಸರ್ಕಾರದ ಮಾನ್ಯತೆ ಪಡೆದ’ ಎಂಬ ಒಕ್ಕಣೆಯ ಖಾಸಗಿ ಜಾಹೀರಾತುಗಳನ್ನು ದಿನಪತ್ರಿಕೆಗಳಲ್ಲಿ ಮಾನ್ಯ ಸದಸ್ಯರು ಗಮನಿಸಿರಬಹುದು. ಇವುಗಳ ಪೈಕಿ ಗ್ರಾಮಗಳಿಗೆ ನೇರವಾಗಿ ತಟ್ಟುವಂಥದು ಮೊಬೈಲ್ ಟವರ್ ಜಾಹೀರಾತು. ಖಾಲಿ ನಿವೇಶನದಲ್ಲಿ ಅಥವಾ ಹೊಲದ ಮೂಲೆಯಲ್ಲಿ ಟವರ್ ನಿಲ್ಲಿಸುವುದಾಗಿಯೂ, ಲಕ್ಷಗಟ್ಟಲೆ ಮುಂಗಡ, ತಿಂಗಳ ಬಾಡಿಗೆ ಹಾಗೂ ಮನೆಯ ಒಬ್ಬರಿಗೆ ಕೆಲಸ ಕೊಡುವುದಾಗಿಯೂ ಅದು ಸಾರುತ್ತದೆ. ಜೊತೆಗೆ ‘ಟ್ರಾಯ್ ಅನುಮೋದಿತ’ ಎಂಬ ಸಾಲು. ಕರೆ ಮಾಡಿದವರಿಗೆ ದೂರಸಂಪರ್ಕ ಇಲಾಖೆಯ ಹೆಸರಿನ ನಕಲಿ ನಿರಾಕ್ಷೇಪಣಾ ಪತ್ರವೂ ತಲುಪುತ್ತದೆ. ಅನಂತರ ನೋಂದಣಿ ಶುಲ್ಕ, ತೆರಿಗೆ, ವಿಮೆ ಎಂದು ಒಂದೊಂದೇ ನೆಪದಲ್ಲಿ ಹಣ ಕಟ್ಟಿಸಿಕೊಂಡು, ಕಡೆಗೆ ಕರೆ ಸ್ವೀಕರಿಸುವುದನ್ನೇ ನಿಲ್ಲಿಸುತ್ತಾರೆ.

ಟವರ್‌ಗಾಗಿ ಜಾಗವನ್ನು ಬಾಡಿಗೆಗೆ ಪಡೆಯುವ ವ್ಯವಹಾರದಲ್ಲಿ ತಾವು ಭಾಗಿಗಳಲ್ಲ, ಅದಕ್ಕಾಗಿ ನಿರಾಕ್ಷೇಪಣಾ ಪತ್ರ ನೀಡುವುದಿಲ್ಲ ಎಂದು ದೂರಸಂಪರ್ಕ ಇಲಾಖೆ ಮತ್ತು ಟ್ರಾಯ್ ಸಾರ್ವಜನಿಕ ಪ್ರಕಟಣೆಗಳಲ್ಲಿ ಸ್ಪಷ್ಟಪಡಿಸಿವೆ. ಬಾಡಿಗೆ ಕೊಡಬೇಕಾದದ್ದು ಕಂಪನಿ. ಜಾಗದ ಒಡೆಯನೇ ಮೊದಲು ಹಣ ಕಟ್ಟಬೇಕೆಂದಾಗಲೇ ಮೋಸ ಬಯಲಾಗುತ್ತದೆ.

ಎಲ್ಲ ಜಾಹೀರಾತುಗಳೂ ಇಷ್ಟು ಒರಟಾಗಿರುವುದಿಲ್ಲ. ಜಿಎಸ್‌ಟಿ ಸಂಖ್ಯೆ, ಉದ್ಯಮ್ ನೋಂದಣಿ ಅಥವಾ ಕಂಪನಿ ನೋಂದಣಿ ಪತ್ರವನ್ನೇ ‘ಸರ್ಕಾರದ ಮಾನ್ಯತೆ’ ಎಂದು ಮುದ್ರಿಸುವುದುಂಟು. ನೋಂದಣಿ ಬೇರೆ, ಅನುಮೋದನೆ ಬೇರೆ. ಕಿರಾಣಿ ಅಂಗಡಿಗೆ ಪಂಚಾಯಿತಿ ಲೈಸೆನ್ಸ್ ಕೊಟ್ಟ ಮಾತ್ರಕ್ಕೆ ಅಲ್ಲಿನ ಎಣ್ಣೆಯ ಗುಣಮಟ್ಟಕ್ಕೆ ಪಂಚಾಯಿತಿ ಜಾಮೀನು ನಿಂತಂತಾಗುವುದಿಲ್ಲವಷ್ಟೆ.

ದೊಡ್ಡ ಕಂಪನಿಗಳೂ ಈ ಗೆರೆಯನ್ನು ದಾಟಿದ್ದಿದೆ. 2016ರಲ್ಲಿ ರಿಲಯನ್ಸ್ ಜಿಯೋ ಮತ್ತು ಪೇಟಿಎಂ ತಮ್ಮ ಪತ್ರಿಕಾ ಜಾಹೀರಾತುಗಳಲ್ಲಿ ಪ್ರಧಾನಮಂತ್ರಿಯವರ ಭಾವಚಿತ್ರ ಬಳಸಿದ್ದವು. ಜಿಯೋ ಜಾಹೀರಾತಿಗೆ ಅನುಮತಿ ನೀಡಿರಲಿಲ್ಲವೆಂದು ಸರ್ಕಾರ ಸಂಸತ್ತಿನಲ್ಲಿ ತಿಳಿಸಿತು. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಅಧಿನಿಯಮ 1950ರಡಿ ಆಗ ಇದ್ದ ಗರಿಷ್ಠ ದಂಡ ಕೇವಲ 500 ರೂಪಾಯಿ!

ಗ್ರಾಹಕ ಸಂರಕ್ಷಣಾ ಅಧಿನಿಯಮ 2019 ಇದಕ್ಕಿಂತ ಬಿಗಿಯಾದುದು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದಲ್ಲಿ 50 ಲಕ್ಷದವರೆಗೆ ದಂಡ ವಿಧಿಸಬಹುದು. ರಾಷ್ಟ್ರ ಲಾಂಛನದ ದುರ್ಬಳಕೆಗೆ 2005ರ ಪ್ರತ್ಯೇಕ ಅಧಿನಿಯಮವಿದೆ.

ಇನ್ನು ಸದಸ್ಯರಿಗೇ ಸಂಬಂಧಿಸಿದ ಮಾತು. ಹಳ್ಳಿಯ ಮಟ್ಟಿಗೆ ‘ಸರ್ಕಾರ’ವೆಂದರೆ ಪಂಚಾಯಿತಿಯೇ. ಅಧ್ಯಕ್ಷರ ಲೆಟರ್‌ಹೆಡ್‌ನ ಶಿಫಾರಸು ಪತ್ರ, ಮಳಿಗೆಯ ಉದ್ಘಾಟನೆಯಲ್ಲಿ ತೆಗೆಸಿಕೊಂಡ ಚಿತ್ರ, ಪಂಚಾಯಿತಿ ಸಭಾಂಗಣದಲ್ಲಿ ನಡೆದ ಚೀಟಿ ಅಥವಾ ಠೇವಣಿ ಯೋಜನೆಯ ಪ್ರಚಾರ, ಇವೆಲ್ಲವೂ ನಾಳೆ ಜಾಹೀರಾತಿನಲ್ಲಿ ಅನುಮೋದನೆಯಾಗಿ ಕಾಣಿಸಿಕೊಳ್ಳಬಲ್ಲವು. ಸಭೆಯ ಠರಾವಿಲ್ಲದೆ ಪಂಚಾಯಿತಿಯ ಹೆಸರು, ಮೊಹರುಗಳನ್ನು ಖಾಸಗಿಯವರಿಗೆ ಬಳಸಗೊಡಬಾರದು.

ಸಂಶಯಾಸ್ಪದ ಜಾಹೀರಾತು ಕಂಡಲ್ಲಿ ದಿನಾಂಕ ಕಾಣುವಂತೆ ಇಡೀ ಪುಟವನ್ನು ತೆಗೆದಿರಿಸುವುದು. ಕತ್ತರಿಸಿದ ತುಣುಕು ಸಾಲದು. ದೂರನ್ನು ಜಿಲ್ಲಾಧಿಕಾರಿಗಳಿಗೆ ಅಥವಾ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬ್ಯಾಂಕ್ ಖಾತೆ ಅಥವಾ ಮೊಬೈಲ್ ಮೂಲಕ ಈಗಾಗಲೇ ಹಣ ಕಳುಹಿಸಿದ್ದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಿಸತಕ್ಕದ್ದು. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಹಿಡಿಯುವ ಅವಕಾಶ ಆರಂಭದ ಗಂಟೆಗಳಲ್ಲಿಯೇ ಹೆಚ್ಚು.